ಬೆಂಕಿಪೊಟ್ಟಣ ಇದ್ದ ಜಾಗ

ಹಲ್ಲಿನ ಡಾಕ್ಟರು ಕೆಂಪು ದೋಣಿಯ ಮೂತಿಯನ್ನು ಬಿಳಿ ದೋಣಿಯ ಹೊಟ್ಟೆಗೆ ತಾಗಿಸಿ ಬೆರಳು ತೆಗೆದರು.

"ಹೀಗೆ," ಅಂದರು. "ನಾನು ಹಿಂದಿನಿಂದ ಬರ್ತಾ ಇದ್ದೆ. ಕಣ್ಣಾರೆ ನೋಡಿದ್ದು."

ಮೇಜಿನ ಸುತ್ತ ಕೂತವರೆಲ್ಲ ಕತ್ತು ಚಾಚಿದರು. ಅಂಗೈಯಗಲದ ಆಟಿಕೆ ದೋಣಿಗಳು ಅವು. ಹಾಯಿದೋಣಿ ಪಂದ್ಯದಲ್ಲಿ ತಕರಾರು ಎದ್ದಾಗ ಯಾರ ದೋಣಿ ಎಲ್ಲಿತ್ತು ಅಂತ ತೋರಿಸುವುದಕ್ಕೆ ಕ್ಲಬ್ಬಿನವರು ಬಡಗಿಯಿಂದ ಮಾಡಿಸಿಟ್ಟವು. ಮೇಜಿನ ಮೇಲೆ ಸೀಮೆಸುಣ್ಣದ ಉದ್ದ ಬಾಣ ಗಾಳಿಯ ದಿಕ್ಕನ್ನು ಹೇಳುತ್ತಿತ್ತು. ಒಂದು ಹಳದಿ ಮುಚ್ಚಳ, ಕೊಲ್ಲಿಯ ನಡುವೆ ತೇಲುತ್ತ ನಿಂತ ಪೀಪಾಯಿ. ಎಲ್ಲ ದೋಣಿಗಳೂ ಅದನ್ನು ಸುತ್ತಿಯೇ ಹಿಂದಿರುಗಬೇಕು. ತೀರ್ಪುಗಾರರ ಮೋಟಾರು ದೋಣಿಗೆ ಮಾತ್ರ ಆಟಿಕೆ ಇರಲಿಲ್ಲ. ಅದರ ಬದಲಿಗೆ ಕ್ಯಾಪ್ಟನ್ನರ ಬೆಂಕಿಪೊಟ್ಟಣ ಮೇಜಿನ ದೂರದ ಮೂಲೆಯಲ್ಲಿ ಕೂತಿತ್ತು. ಅದನ್ನು ಅಲ್ಲಿಟ್ಟವಳು ಅಕ್ಕನೇ.

ಕ್ಲಬ್ಬಿನಲ್ಲಿ ಎಲ್ಲರೂ ಅವಳನ್ನು ರೂಲ್ ಮೇಡಂ ಅನ್ನುತ್ತಿದ್ದರು. ಅಕ್ಕ ಅನ್ನುತ್ತಿದ್ದವನು ಒಬ್ಬನೇ. ಆ ಒಬ್ಬ, ಅವಳ ತಮ್ಮ, ಈಗ ಎದುರಿನ ಕುರ್ಚಿಯಲ್ಲಿ, ಮಡಿಲಲ್ಲಿ ಕೈ ಇಟ್ಟುಕೊಂಡು, ಕೆಂಪು ಆಟಿಕೆಯನ್ನೇ ದಿಟ್ಟಿಸುತ್ತಿದ್ದ. ನಿನ್ನೆ ಮಧ್ಯಾಹ್ನದ ಪಂದ್ಯದಲ್ಲಿ ಅವನ ಕೆಂಪು ದೋಣಿ ಗಡಿಯಾರದಂಗಡಿಯವರ ಬಿಳಿ ದೋಣಿಗೆ ತಗುಲಿತ್ತು, ಅವರು ನೀರಿಗೆ ಬಿದ್ದು ಹೆಣವಾಗಿ ಮೇಲೆ ಬಂದಿದ್ದರು.

ನೀರು ಕುಡಿದು ಸತ್ತದ್ದಲ್ಲ, ಹಿಂದಲೆಗೆ ಬಿದ್ದ ಏಟಿನಿಂದ ಅಂತ ಆಸ್ಪತ್ರೆಯವರು ಹೇಳಿಬಿಟ್ಟಿದ್ದರು. ಅದಕ್ಕೇ ಇನ್‌ಸ್ಪೆಕ್ಟರು ಕಿಟಕಿಯ ಪಕ್ಕ ಕೂತಿದ್ದದ್ದು.

"ನನಗೆ ನೀರು ಅಂದ್ರೆ ಸ್ನಾನದ ಮನೇದು ಮಾತ್ರ ಗೊತ್ತು," ಅಂತ ಅವರು ಬೆಳಿಗ್ಗೆಯೇ ಹೇಳಿದ್ದರು. "ನಿಮ್ಮ ಗಾಳಿ ಗೀಳಿ ನಿಮಗೇ ಇರ್ಲಿ. ಯಾರ ತಪ್ಪು ಅಂತ ನೀವು ಕೂತು ತೀರ್ಮಾನ ಮಾಡಿ. ಆಮೇಲೆ ಕರ್ಕೊಂಡು ಹೋಗೋದು ನನ್ನ ಕೆಲಸ."

ಯಾರನ್ನು ಅಂತ ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹೋದ ವಾರ ತಮ್ಮ ಇದೇ ಕೋಣೆಯಲ್ಲಿ ಗಡಿಯಾರದವರ ಎದುರು ಒಂದು ತಕರಾರು ಸೋತು, ಬಾಗಿಲು ದಡಾರನೆ ಎಳೆದು, "ನೀರಲ್ಲಿ ಸಿಗ್ತೀರಲ್ಲ, ನೋಡ್ಕೋತೀನಿ," ಅಂತ ಕೂಗಿ ಹೋದದ್ದನ್ನು ಇಡೀ ಕ್ಲಬ್ಬು ಕೇಳಿಸಿಕೊಂಡಿತ್ತು. ಮೂಗಿನ ತುದಿಯಲ್ಲೇ ಕೋಪ ಅವನಿಗೆ. ಆಮೇಲೆ ಹೋಗಿ ಗಡಿಯಾರದವರ ಕೈ ಹಿಡಿದು ಕ್ಷಮೆ ಕೇಳಿದ್ದ. ಅದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

ಅಧ್ಯಕ್ಷರ ಕುರ್ಚಿಯಲ್ಲಿ ಕ್ಯಾಪ್ಟನ್ ಕೂತಿದ್ದರು. ಜೀವಮಾನವೆಲ್ಲ ಸರಕಿನ ಹಡಗು ನಡೆಸಿ ನಿವೃತ್ತರಾದವರು, ಎಡಗಿವಿ ಮಂದ. ಎಂದಿನ ದಿನವಾಗಿದ್ದರೆ ಆ ಕುರ್ಚಿ ಅಕ್ಕನದು. ಆದರೆ ತನ್ನವರ ವ್ಯಾಜ್ಯದಲ್ಲಿ ತಾನೇ ತೀರ್ಪು ಕೊಡಬಾರದು ಅನ್ನುವುದು ನಿಯಮ. ಹಾಗಾಗಿ ಅವಳು ಮೊದಲ ಬಾರಿಗೆ ಮೇಜಿನ ಈಚೆ ಕಡೆ, ತಮ್ಮನ ಪರ ಮಾತಾಡುವವಳಾಗಿ ಕೂತಿದ್ದಳು. ಈಚೆ ಕಡೆಯ ಕುರ್ಚಿ ಇಷ್ಟು ಗಟ್ಟಿ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

"ಗಾಳಿ ಬಲಗಡೆಯಿಂದ ಬೀಸ್ತಿರೋ ದೋಣಿಗೆ ದಾರಿಯ ಹಕ್ಕು," ಕ್ಯಾಪ್ಟನ್ ಇನ್‌ಸ್ಪೆಕ್ಟರಿಗೆ ತಿಳಿಸಿ ಹೇಳಿದರು. "ಎಡಗಡೆಯಿಂದ ಬೀಸ್ತಿದ್ರೆ ಆ ದೋಣಿ ಪಕ್ಕಕ್ಕೆ ಸರೀಬೇಕು. ಬಿಳಿ ದೋಣಿಗೆ ಗಾಳಿ ಬಲಕ್ಕಿತ್ತು. ಕೆಂಪು ದೋಣಿಗೆ ಎಡಕ್ಕೆ."

"ಅಂದ್ರೆ ಕೆಂಪು ದೋಣೀದೇ ತಪ್ಪು."

"ಮೇಲ್ನೋಟಕ್ಕೆ ಹೌದು."

"ಅವನೇ ಒಪ್ಕೊಂಡಿದಾನಲ್ಲ ಸಾರ್," ಡಾಕ್ಟರು ಮೆಲ್ಲಗೆ ಅಂದರು. ಹಲ್ಲು ಕೀಳುವ ಮುಂಚೆ ರೋಗಿಗೆ ಹೇಳುತ್ತಾರಲ್ಲ, ಅದೇ ದನಿ. "ಡಿಕ್ಕಿ ಆದ ಕೂಡಲೇ ಗರಗರ ಅಂತ ಎರಡು ಸುತ್ತು ಹಾಕಿದ. ನಾನು ನೋಡಿದೀನಿ, ರಕ್ಷಣಾ ದೋಣಿಯವರೂ ನೋಡಿದಾರೆ."

"ಸುತ್ತು ಅಂದ್ರೆ?" ಇನ್‌ಸ್ಪೆಕ್ಟರು ಕೇಳಿದರು.

"ದಂಡ ಸಾರ್. ನಿಯಮ ಮುರಿದವನು ಅಲ್ಲೇ ನೀರಿನ ಮೇಲೆ ಎರಡು ಸಲ ದೋಣಿ ಸುತ್ತಿಸಬೇಕು. ಶಾಲೇಲಿ ಬಸ್ಕಿ ಹೊಡೀತಿದ್ವಲ್ಲ, ಹಾಗೆ."

ಇನ್‌ಸ್ಪೆಕ್ಟರು ತಮ್ಮನ ಕಡೆ ತಿರುಗಿದರು. ತಮ್ಮ ತುಟಿ ಪಿಟಕ್ಕೆನ್ನಲಿಲ್ಲ. ನಿನ್ನೆಯಿಂದಲೂ ಅಷ್ಟೇ. ಪೊಲೀಸರ ಮುಂದೆ, ಅಕ್ಕನ ಮುಂದೆ, ಅವನ ಬಾಯಿಗೆ ಬೀಗ ಬಿದ್ದಿತ್ತು. ಮನೆಗೆ ಬಂದು ಊಟದ ತಟ್ಟೆಯ ಮುಂದೆ ಕೂತು, ತಟ್ಟೆಯನ್ನು ಹಾಗೇ ಬಿಟ್ಟು ಎದ್ದಿದ್ದ.

ಅಕ್ಕ ಎದ್ದು ನಿಂತಳು. ಮೇಜಿನ ಅಂಚು ಹಿಡಿದಳು.

"ಕ್ಯಾಪ್ಟನ್ ಸರ್, ಯಾರಿಗಾದ್ರೂ ಗಾಯ ಆಗಿದ್ರೆ ಎರಡು ಸುತ್ತು ಸಾಕಾ?"

"ಸಾಲದು. ಪಂದ್ಯ ಬಿಟ್ಟು ಹೋಗ್ಬೇಕು."

"ಗಾಯ ಮಾಡಿದವನು ಸುತ್ತು ಹಾಕಿ ಏನಾದ್ರೂ ಪ್ರಯೋಜನ ಇದೆಯಾ?"

"ಏನೇನೂ ಇಲ್ಲ."

"ನನ್ನ ತಮ್ಮ ಹದಿಹರೆಯದಿಂದ ಹಾಯಿ ಕಟ್ತಿದಾನೆ. ಕಲಿಸಿದವಳು ನಾನು. ಈ ನಿಯಮ ಅವನಿಗೆ ನಿದ್ದೇಲೂ ಬರುತ್ತೆ. ಬೇಕು ಅಂತ ಒಬ್ಬರ ತಲೆ ಒಡೆದವನು ಉಪಯೋಗಕ್ಕೆ ಬಾರದ ಎರಡು ಸುತ್ತು ಯಾಕೆ ಹಾಕ್ತಾನೆ? ದೋಣಿಗೆ ದೋಣಿ ತಗುಲಿತು, ಅಷ್ಟೇ ಅಂದ್ಕೊಂಡಿದ್ದಾನೆ. ಯಾರಿಗೋ ಪೆಟ್ಟಾಗಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಆ ಸುತ್ತುಗಳೇ ಅದಕ್ಕೆ ಸಾಕ್ಷಿ."

ಕ್ಯಾಪ್ಟನ್ ಗಡ್ಡ ಕೆರೆದುಕೊಂಡರು. ಪಕ್ಕದಲ್ಲಿದ್ದ ಇಬ್ಬರು ಸದಸ್ಯರು ಪರಸ್ಪರ ಮುಖ ನೋಡಿಕೊಂಡರು. ಇನ್‌ಸ್ಪೆಕ್ಟರು ಕೂಡ ಕಿಟಕಿ ಬಿಟ್ಟು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು.

ನಿನ್ನೆಯಿಂದ ಮೊದಲ ಸಲ ಅಕ್ಕ ಒಂದಿಷ್ಟು ನಿರಾಳವಾಗಿ ಉಸಿರಾಡಿದಳು. ಸಂತೋಷದಿಂದ ತಮ್ಮನ ಕಡೆ ನೋಡಿದಳು. ಅವನು ಇನ್ನಷ್ಟು ಬಿಳಿಚಿಕೊಂಡಿದ್ದ.

"ಚಹಾ ಕುಡಿದು ಬನ್ನಿ," ಅಂದರು ಕ್ಯಾಪ್ಟನ್.

ದೋಣಿಮನೆಯಲ್ಲಿ ಅಂಟು, ಒದ್ದೆ ಹಗ್ಗ, ಹಳೇ ಬಣ್ಣ ಎಲ್ಲ ಸೇರಿದ ವಾಸನೆ. ಅಕ್ಕನ ಹಾಯಿ ಹೊಲಿಯುವ ಅಂಗಡಿ ಅದರ ಹಿಂದಿನ ಗೋಡೆಗೇ ಅಂಟಿಕೊಂಡಿತ್ತು. ಹಾಗಾಗಿ ಆ ವಾಸನೆ ಅವಳಿಗೆ ಸ್ವಂತ ಮನೆಯದು. 

ನಿನ್ನೆಯ ಮೂರು ದೋಣಿಗಳನ್ನೂ ಸಾಲಾಗಿ ಮಲಗಿಸಿ, ಸುತ್ತ ಹಗ್ಗ ಕಟ್ಟಿದ್ದರು. ತಮ್ಮನ ಜೊತೆಗೆ ಬಂದಿದ್ದ ಪೇದೆ ಬಾಗಿಲಲ್ಲಿ ನಿಂತು ಚಹಾ ಹೀರತೊಡಗಿದ.

"ಬಾಯಿ ಬಿಡೋ," ಅಕ್ಕ ಪಿಸುಗುಟ್ಟಿದಳು. "ಹೇಗೋ ಒಂದು ದಾರಿ ಮಾಡ್ಕೊಂಡಿದೀನಿ. ಅಲ್ಲಿ ಎದ್ದು 'ಹೌದು, ನನಗೆ ಗೊತ್ತಿರಲಿಲ್ಲ' ಅಂತ ಒಂದು ಮಾತು ಹೇಳು. ಒಂದೇ ಮಾತು."

"ಬೇಡ ಅಕ್ಕ."

"ಬೇಡ ಅಂದ್ರೆ? ನಿನ್ನನ್ನ ಕೊಲೆಗಾರ ಅಂತ ಕರ್ಕೊಂಡು ಹೋಗ್ತಾರೆ ಕಣೋ!"

"ಹೋಗ್ಲಿ ಬಿಡು."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಅಪ್ಪಿಕೊಂಡು ಅಳಬೇಕೆನ್ನಿಸಿತು. ಎರಡನ್ನೂ ಮಾಡಲಿಲ್ಲ. ತಾಯಿ ಹೋದ ಮೇಲೆ ಇವನಿಗೆ ತಲೆ ಬಾಚಿದವಳು, ಈಜು ಕಲಿಸಿದವಳು, ಜ್ವರ ಬಂದಾಗ ಹಾಯಿಬಟ್ಟೆಯ ರಾಶಿಯ ಮೇಲೆ ಮಲಗಿಸಿಕೊಂಡು ಹೊಲಿಗೆ ಹಾಕಿದವಳು ಅವಳು. ಇವನ ಮುಖದಲ್ಲಿ ಅವಳಿಗೆ ಓದಲಾರದ್ದು ಏನೂ ಇರಲಿಲ್ಲ, ನಿನ್ನೆಯವರೆಗೆ.

"ನೀನು ಏನನ್ನೋ ಮುಚ್ಚಿಡ್ತಿದೀಯ."

ಅವನು ಮುಖ ತಿರುಗಿಸಿದ.

ಆ ತಿರುಗಿಸುವಿಕೆ ಅವಳನ್ನು ಚುಚ್ಚಿತು. ಕೊಲ್ಲಿಯ ಮೇಲೆ ದಿನವೂ ಅದನ್ನೇ ಮಾಡುತ್ತಿದ್ದವಳು ಅವಳು. ಸ್ವಂತ ತಮ್ಮ ಓಡುವ ಪಂದ್ಯಕ್ಕೆ ಅವಳು ತೀರ್ಪುಗಾರ್ತಿಯಾದಾಗ ಕ್ಲಬ್ಬಿನಲ್ಲಿ ಗುಸುಗುಸು ಎದ್ದಿತ್ತು. 'ತಮ್ಮನ ದೋಣಿಯ ತಂಟೆಗೇ ನಾನು ಹೋಗಲ್ಲ' ಅಂತ ಎಲ್ಲರೆದುರು ಮಾತು ಕೊಟ್ಟಿದ್ದಳು. ಅಂದಿನಿಂದ ಅವನ ಕೆಂಪು ಹಾಯಿ ಹತ್ತಿರ ಬಂದರೆ ಅವಳ ಕತ್ತು ತಾನಾಗಿ ಬೇರೆ ಕಡೆ ಹೊರಳುತ್ತಿತ್ತು. ನಿನ್ನೆಯೂ ಹೊರಳಿತ್ತು. 'ನಾನು ಆ ಕಡೆ ನೋಡ್ತಿರಲಿಲ್ಲ, ನನಗೇನೂ ಕಾಣಲಿಲ್ಲ,' ಅಂತ ಇನ್‌ಸ್ಪೆಕ್ಟರಿಗೆ ಹೇಳಿಕೆಯನ್ನೂ ಕೊಟ್ಟಿದ್ದಳು.

ಹೊರಳುವ ಮುಂಚೆ ಏನೋ ಒಂದು ಕಂಡಿತ್ತು. ಅದು ನೆನಪಿಗೆ ಬಂದಾಗಲೆಲ್ಲ ಅವಳು ಅದನ್ನು ಮನಸ್ಸಿನ ಮೂಲೆಗೆ ಒತ್ತಿ ಮೇಲೆ ಕೂತುಬಿಡುತ್ತಿದ್ದಳು.

ಈಗಲೂ ಹಾಗೇ ಮಾಡಿ, ದೋಣಿಗಳ ಕಡೆ ಬಗ್ಗಿದಳು. ತಮ್ಮನ ದೋಣಿಯ ಮೂತಿಯಲ್ಲಿ ಬಣ್ಣ ಒಂದಿಷ್ಟು ಕೆತ್ತಿಹೋಗಿತ್ತು. ಗಡಿಯಾರದವರ ದೋಣಿಯ ಪಕ್ಕೆಯಲ್ಲಿ ಅದಕ್ಕೆ ಜೋಡಿಯಾಗಿ ಒಂದು ಗೀರು. ಬರೀ ಗೀರು. ಬೆರಳಿಟ್ಟರೆ ಉಗುರಿಗೂ ಸಿಗದಷ್ಟು ತೆಳು. ಒಬ್ಬ ದೊಡ್ಡ ಮನುಷ್ಯನ ತಲೆ ಒಡೆಯುವ ಡಿಕ್ಕಿ ಇಂಥ ಗೀರು ಬಿಟ್ಟು ಹೋಗುತ್ತದೆಯೇ?

ಮೂರನೆಯದು ಡಾಕ್ಟರ ಹಸಿರು ದೋಣಿ. ಅದರ ಚುಕ್ಕಾಣಿಯ ಹಿಡಿಗೆ ಒಂದು ರಬ್ಬರು ಹಗ್ಗ ಸಿಕ್ಕಿಸಿದ್ದರು, ಹೊಸತು, ಎರಡೂ ಕಡೆ ಕೊಕ್ಕೆ. ಅಕ್ಕ ಹಿಡಿಯನ್ನು ಒತ್ತಿ ಬಿಟ್ಟಳು. ಅದು ತಾನಾಗಿ ನಡುವಿಗೆ ಬಂದು ನಿಂತಿತು.

"ಇದೇನೋ ಇದು?"

"ಕೈ ಬಿಟ್ರೂ ದೋಣಿ ನೆಟ್ಟಗೆ ನಿಲ್ಲಲಿ ಅಂತ ಹಾಕ್ತಾರೆ. ಮೀನು ಹಿಡಿಯೋರು."

"ಪಂದ್ಯದಲ್ಲಿ ಯಾರು ಕೈ ಬಿಡ್ತಾರೆ?"

ತಮ್ಮ ಆ ಹಗ್ಗವನ್ನು ನೋಡಿದ. ಅವನ ಹುಬ್ಬು ಗಂಟಾಯಿತು. ಏನೋ ಹೇಳಲು ಬಾಯಿ ತೆರೆದವನು ಅಕ್ಕನ ಮುಖ ನೋಡಿ ನುಂಗಿಕೊಂಡ. ಅಷ್ಟರಲ್ಲಿ ಪೇದೆ ಲೋಟ ಕೆಳಗಿಟ್ಟು ಕರೆದ.

ಒಳಗೆ ಬಂದಾಗ ಡಾಕ್ಟರು ಕ್ಯಾಪ್ಟನ್ನರ ಬಲಗಿವಿಯ ಹತ್ತಿರ ಬಾಗಿ ನಿಂತಿದ್ದರು.

"ಇನ್ನೊಂದು ಸಣ್ಣ ವಿಷಯ ಇದೆಯಂತೆ," ಕ್ಯಾಪ್ಟನ್ ಸ್ವಲ್ಪ ಮುಜುಗರದಿಂದಲೇ ಹೇಳಿದರು. "ಡಾಕ್ಟರು ತಮ್ಮ ಸ್ಥಾನ ವಾಪಸ್ ಕೇಳ್ತಿದಾರೆ."

"ಏನು ಸ್ಥಾನ?" ಇನ್‌ಸ್ಪೆಕ್ಟರು ಕೇಳಿದರು.

"ಅಪಾಯದಲ್ಲಿರೋರಿಗೆ ಸಹಾಯ ಮಾಡೋಕೆ ಹೋಗಿ ಹಿಂದೆ ಬಿದ್ರೆ, ಕಳಕೊಂಡ ಸ್ಥಾನ ವಾಪಸ್ ಕೊಡಬಹುದು. ನಿಯಮ ಇದೆ. ಡಾಕ್ಟರು ಗಡಿಯಾರದವರನ್ನ ನೀರಿಂದ ಎತ್ತೋಕೆ ಹೋಗಿದ್ರಲ್ಲ."

ಇನ್‌ಸ್ಪೆಕ್ಟರು ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿದರು. "ಮನುಷ್ಯ ಸತ್ತಿದಾನೆ. ನಿಮಗೆ ಇನ್ನೂ ಅಂಕದ ಚಿಂತೆನಾ?"

"ಅಂಕದ ಪ್ರಶ್ನೆ ಅಲ್ಲ ಸಾರ್, ನ್ಯಾಯದ ಪ್ರಶ್ನೆ," ಅಂದರು ಡಾಕ್ಟರು. ಕ್ಲಬ್ಬಿನವರಲ್ಲಿ ಯಾರೂ ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಅವರೆಲ್ಲ ಅದೇ ಜಾತಿಯ ಜನ. ಮನೆಗೆ ಬೆಂಕಿ ಬಿದ್ದರೂ ಮೊದಲು ತನ್ನ ಸ್ಥಾನ ಎಷ್ಟನೆಯದು ಅಂತ ಕೇಳಿಕೊಂಡು ಆಮೇಲೆ ನೀರು ಹುಡುಕುವವರು.

ಅಕ್ಕನ ಕಿವಿ ನೆಟ್ಟಗಾಯಿತು.

"ನಾನೊಂದು ಪ್ರಶ್ನೆ ಕೇಳಬಹುದಾ ಕ್ಯಾಪ್ಟನ್ ಸರ್?"

"ಕೇಳಿ."

"ಡಾಕ್ಟ್ರೇ, ನಿಮಗೆ ಎಷ್ಟನೇ ಸ್ಥಾನ ವಾಪಸ್ ಬೇಕು?"

"ಎರಡನೇದು. ನನಗಿಂತ ಮುಂದೆ ಇದ್ದದ್ದು ಒಂದೇ ದೋಣಿ, ಅದು ಆಗಲೇ ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ನನ್ನ ಹಿಂದೆ ಗಡಿಯಾರದವರು. ಅವರ ಹಿಂದೆ ನಿಮ್ಮ ತಮ್ಮ. ಉಳಿದೋರೆಲ್ಲ ಇನ್ನೂ ಎಲ್ಲೋ."

"ಸಹಾಯಕ್ಕೆ ಅಂತ ನೀವು ಪಂದ್ಯ ಬಿಟ್ಟ ಜಾಗ ತೋರಿಸ್ತೀರಾ?"

ಡಾಕ್ಟರು ಹಸಿರು ಆಟಿಕೆಯನ್ನು ಹಳದಿ ಮುಚ್ಚಳದ ಈಚೆಗೆ, ಇನ್ನೇನು ಪೀಪಾಯಿ ಸುತ್ತಬೇಕು ಅನ್ನುವಲ್ಲಿ ಇಟ್ಟರು. ಕೈ ಪಳಗಿದ್ದು, ಒಂಚೂರೂ ತಡವರಿಸಲಿಲ್ಲ.

"ಇಲ್ಲಿ. ಗಾಳಿ ನನ್ನ ಬಲಕ್ಕೆ, ದಾರಿಯ ಹಕ್ಕು ನನ್ನದೇ. ಯಾರಿಗೂ ಜಾಗ ಬಿಡಬೇಕಾಗಿರಲಿಲ್ಲ. ಸುಮ್ನೆ ಹೋಗಿದ್ರೆ ಎರಡನೇ ಸ್ಥಾನ ಕಟ್ಟಿಟ್ಟದ್ದು. ಮಾನವೀಯತೆ ಅಂತ ನಿಂತೆ."

"ಎರಡನೇ ಸ್ಥಾನದಲ್ಲಿ ಇದ್ದಾಗಲೇ ನಿಂತ್ರಿ."

"ಹೌದು."

"ಅಂದ್ರೆ ಅವರಿಬ್ಬರೂ ನಿಮ್ಮ ಹಿಂದೆ ಇದ್ದಾಗ."

"ಹೌದು ಅಂದ್ನಲ್ಲ ಮೇಡಂ."

ಅಕ್ಕ ಕೆಂಪು ಮತ್ತು ಬಿಳಿ ಆಟಿಕೆಗಳ ಮೇಲೆ ಬೆರಳಿಟ್ಟಳು. ಅವು ಬೆಳಿಗ್ಗೆ ಡಾಕ್ಟರೇ ಇಟ್ಟಲ್ಲಿ, ಪೀಪಾಯಿ ಸುತ್ತಿ ಆಚೆಗೆ, ಇನ್ನೂ ಹಾಗೇ ಅಂಟಿಕೊಂಡು ನಿಂತಿದ್ದವು.

"ಡಿಕ್ಕಿ ಆದದ್ದು ಇಲ್ಲಿ. ನೀವೇ ತೋರಿಸಿದ್ದು. 'ಹಿಂದಿನಿಂದ ನೋಡಿದೆ' ಅಂತ ಹೇಳಿದ್ದೂ ನೀವೇ. ಮುಂದೆ ಇದ್ದ ನೀವು ಹಿಂದೆ ಬರಬೇಕಾದ್ರೆ, ನೀವು ನಿಂತು ಅವರಿಬ್ಬರೂ ದಾಟಿ ಹೋಗ್ಬೇಕು. ಹೌದಲ್ವಾ?"

ಡಾಕ್ಟರು ಹಸಿರು ಆಟಿಕೆಯಿಂದ ಕೈ ಹಿಂದಕ್ಕೆ ತೆಗೆದರು.

"ಅಂದ್ರೆ ನೀವು ಸಹಾಯಕ್ಕೆ ನಿಂತದ್ದು ಡಿಕ್ಕಿಗಿಂತ ಮುಂಚೆ," ಅಕ್ಕ ಕಡ್ಡಿ ಮುರಿದಂತೆ ಹೇಳಿದಳು. "ಯಾರೂ ಯಾರಿಗೂ ಗುದ್ದಿರಲಿಲ್ಲ. ಯಾರೂ ನೀರಿಗೆ ಬಿದ್ದಿರಲಿಲ್ಲ. ಯಾರಿಗೆ ಸಹಾಯ ಮಾಡೋಕೆ ನಿಂತ್ರಿ ಡಾಕ್ಟ್ರೇ?"

 ಕ್ಯಾಪ್ಟನ್ ಬಲಗಿವಿಯನ್ನು ಇನ್ನಷ್ಟು ಮುಂದಕ್ಕೆ ತಂದರು. ಇನ್‌ಸ್ಪೆಕ್ಟರು ಎದ್ದೇ ನಿಂತರು. ಗಾಳಿ ಗೀಳಿ ಗೊತ್ತಿಲ್ಲದವರಿಗೂ ಈ ಲೆಕ್ಕ ಗೊತ್ತಾಗಿತ್ತು.

ಡಾಕ್ಟರ ಹಣೆಯಲ್ಲಿ ಬೆವರು ಮೂಡಿತು. ಕರವಸ್ತ್ರ ತೆಗೆದರು, ಒರೆಸಿದರು, ಮಡಚಿ ಜೇಬಿಗಿಟ್ಟರು. ಅಷ್ಟು ಹೊತ್ತು ಸಾಕಾಯಿತು ಅವರಿಗೆ.

"ಹೇಳಬಾರದು ಅಂತಿದ್ದೆ," ಅಂದರು. "ಅಕ್ಕನ ಎದುರಿಗೆ ತಮ್ಮನ ಮಾತು ಯಾಕೆ ಅಂತ. ಇವರ ತಮ್ಮ ಕೈ ಎತ್ತಿದ. ಬಲಗೈ, ಮೇಲೆ, ಹೀಗೆ. ಡಿಕ್ಕಿಗಿಂತ ಮುಂಚೆಯೇ. ಸಹಾಯಕ್ಕೆ ಕರೀತಿದಾನೆ ಅಂತ ನಾನು ನಿಂತೆ. ಬೇಕಾದ್ರೆ ಅವನನ್ನೇ ಕೇಳಿ."

ಎಲ್ಲರೂ ತಮ್ಮನ ಕಡೆ ತಿರುಗಿದರು. ಅಕ್ಕನೂ ತಿರುಗಿದಳು. ಇಲ್ಲ ಅನ್ನು, ಸುಳ್ಳು ಅನ್ನು ಅಂತ ಅವಳ ಜೀವವೆಲ್ಲ ಕೂಗುತ್ತಿತ್ತು.

"ಎತ್ತಿದೆ," ಅಂದ ತಮ್ಮ.

ಇನ್‌ಸ್ಪೆಕ್ಟರು ನಿಧಾನವಾಗಿ ತಲೆಯಾಡಿಸಿದರು. "ಅಂದ್ರೆ ಯಾರಿಗೋ ಅಪಾಯ ಇದೆ ಅಂತ ನಿನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹೋಗಿ ಗುದ್ದಿದೆ. ಆಮೇಲೆ ಗೊತ್ತಿಲ್ಲದವನ ಹಾಗೆ ಎರಡು ಸುತ್ತು. ಮೇಡಂ, ನೀವೇ ಹೇಳಿದ್ರಲ್ಲ, ಆ ಸುತ್ತುಗಳೇ ಸಾಕ್ಷಿ ಅಂತ?"

 ಅಕ್ಕ ನಿದ್ದೆಗೆಟ್ಟು ಹೆಣೆದ ವಾದ ಅದು. ಅದೇ ಹಗ್ಗ ಈಗ ತಮ್ಮನ ಕೊರಳಿಗೆ ಬಿದ್ದಿತ್ತು, ಬಿಗಿದವಳು ತಾನು.

"ಯಾಕೋ?" ಅವಳ ದನಿ ಒಡೆಯಿತು. "ಯಾಕೆ ಸುತ್ತು ಹಾಕಿದೆ ಹಾಗಾದ್ರೆ? ಹೇಳೋ! ನನ್ನಾಣೆ, ಹೇಳು!"

ತಮ್ಮನ ಕಣ್ಣು ತುಂಬಿ ಬಂತು.

"ಅದು ದಂಡದ ಸುತ್ತು ಅಲ್ಲ ಅಕ್ಕ. ಅವರನ್ನ ಹುಡುಕ್ತಿದ್ದೆ."

 ಒಂದು ದೋಣಿ ನೀರಿನಲ್ಲಿ ಎರಡು ಸಲ ಸುತ್ತಿದರೆ ಅದಕ್ಕೆ ದಂಡವಲ್ಲದೆ ಬೇರೆ ಅರ್ಥ ಇರಬಹುದು ಅಂತ ಈ ಕೋಣೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಿಯಮ ಅರೆದು ಕುಡಿದವರಿಗೆ ನೀರಿನಲ್ಲಿ ಬಿದ್ದ ಮನುಷ್ಯ ಕಾಣಲೇ ಇಲ್ಲ. ಅವರಲ್ಲಿ ಮೊದಲನೆಯವಳು ತಾನೇ ಅನ್ನುವುದು ಅಕ್ಕನಿಗೆ ಬಿಸಿ ಮುಟ್ಟಿದ ಹಾಗೆ ತಿಳಿಯಿತು.

"ಗಡಿಯಾರದವರು ಅಷ್ಟು ಹೊತ್ತಿಗೇ ದೋಣಿಯೊಳಗೆ ಬೋರಲು ಬಿದ್ದಿದ್ರು," ತಮ್ಮ ಒಂದೇ ಉಸಿರಿಗೆ ಹೇಳತೊಡಗಿದ. "ಪೀಪಾಯಿ ಹತ್ತಿರವೇ. ದೋಣಿ ತನ್ನ ಪಾಡಿಗೆ ಹೋಗ್ತಿತ್ತು. ನಾನು ಕೈ ಎತ್ತಿ ಕೂಗಿದೆ. ಯಾರೂ ಬರಲಿಲ್ಲ. ಪಕ್ಕಕ್ಕೆ ಹೋಗಿ ಹಿಡ್ಕೊಳ್ಳೋಣ ಅಂತ ಹೋದೆ, ಮೂತಿ ತಗುಲಿತು, ದೋಣಿ ವಾಲಿತು, ಅವರು ಜಾರಿ ನೀರಿಗೆ... ಮೇಲೆ ಬರ್ತಾರೇನೋ ಅಂತ ಸುತ್ತಿದೆ. ಇನ್ನೊಂದ್ಸಲ ಸುತ್ತಿದೆ. ಅಷ್ಟರಲ್ಲಿ ಡಾಕ್ಟ್ರು ಬಂದ್ರು, ರಕ್ಷಣಾ ದೋಣಿಯೋರು ಬಂದ್ರು."

"ಇಷ್ಟನ್ನ ನಿನ್ನೆಯೇ ಹೇಳೋಕೆ ಏನಾಗಿತ್ತು?" ಕ್ಯಾಪ್ಟನ್ ಗದರಿದರು. "ಕೂಗಿದೆ ಅಂದ್ಯಲ್ಲ. ಯಾರನ್ನ? ಡಾಕ್ಟರನ್ನಾ?"

"ಡಾಕ್ಟ್ರನ್ನ ಕರೀಲಿಲ್ಲ. ಅವರು ನನಗೆ ಕಾಣಿಸ್ಲೂ ಇಲ್ಲ."

"ಮತ್ತೆ ಯಾರನ್ನ?"

ತಮ್ಮ ತಲೆ ತಗ್ಗಿಸಿದ. ಅವನ ಕಣ್ಣು ಮಾತ್ರ ಅವನ ಮಾತು ಕೇಳಲಿಲ್ಲ. ಅದು ಮೇಜಿನ ದೂರದ ಮೂಲೆಗೆ ಹೋಗಿ ಬಂತು.

ಇನ್‌ಸ್ಪೆಕ್ಟರು ಅದನ್ನು ಹಿಡಿದುಬಿಟ್ಟರು. ನಡೆದು ಹೋಗಿ ಬೆಂಕಿಪೊಟ್ಟಣ ಎತ್ತಿಕೊಂಡರು. "ಇದು ಯಾರ ದೋಣಿ ಅಂದ್ರಿ? ತೀರ್ಪುಗಾರರದ್ದಾ? ಇದು ಇದ್ದದ್ದು ಅಲ್ಲೇನಾ?"

"ಅಲ್ಲೇ," ಅಂದ ತಮ್ಮ ಬೇಗ. ತೀರಾ ಬೇಗ.

ಆಗ ಅಕ್ಕನಿಗೆ ಎಲ್ಲ ಅರ್ಥವಾಯಿತು. ನಿನ್ನೆಯಿಂದ ಬಾಯಿಗೆ ಬಿದ್ದ ಬೀಗ, ಮುಟ್ಟದ ಊಟ, 'ಹೋಗ್ಲಿ ಬಿಡು' ಅಂದ ಮಾತು. ನಿಯಮಗಳಲ್ಲೆಲ್ಲ ಮೊಟ್ಟಮೊದಲನೆಯದು, ಅಪಾಯದಲ್ಲಿರುವವರಿಗೆ ಕೈಲಾದ ಸಹಾಯ ಮಾಡಬೇಕು ಅನ್ನುವುದು. ಅದನ್ನು ಮುರಿದವಳು ಅಕ್ಕ ಅಂತ ಲೋಕಕ್ಕೆ ಗೊತ್ತಾಗದಿರಲಿ ಅಂತ ಈ ಹುಚ್ಚುಮುಂಡೇದು ಕೊಲೆಯ ಆರೋಪವನ್ನು ಹೊತ್ತುಕೊಂಡು ಕೂತಿತ್ತು.

ಅವಳು ಕೈ ಚಾಚಿ ಇನ್‌ಸ್ಪೆಕ್ಟರಿಂದ ಬೆಂಕಿಪೊಟ್ಟಣ ಇಸಿದುಕೊಂಡಳು. ಹಳದಿ ಮುಚ್ಚಳದ ತೀರಾ ಹತ್ತಿರ, ಹಸಿರು ಆಟಿಕೆಯ ಬಲಗಡೆಗೆ ಇಟ್ಟಳು.

"ಇಲ್ಲಿತ್ತು," ಅಂದಳು. "ಅದರಲ್ಲಿ ನಾನಿದ್ದೆ."

"ಅಕ್ಕ, ಬೇಡ," ತಮ್ಮ ಗೋಗರೆದ.

"ಅವನು ಕೈ ಎತ್ತಿದ್ದು ನಾನು ನೋಡಿದೆ. ಯಾರ ಮೇಲೋ ದೂರು ಹೇಳ್ತಿದಾನೆ ಅಂದ್ಕೊಂಡೆ. ತಮ್ಮನ ದೂರು ಅಕ್ಕ ಕೇಳಿಸ್ಕೊಂಡ್ಲು ಅಂತ ಆಡ್ಕೋತಾರಲ್ಲ ಅಂತ ಮುಖ ತಿರುಗಿಸಿದೆ."

 ಅಲ್ಲಿಗೆ ಎಲ್ಲ ಮುಗಿಯಿತು: ತೀರ್ಪುಗಾರ್ತಿಯ ಕುರ್ಚಿ, ಕ್ಲಬ್ಬಿನಲ್ಲಿ ಗಳಿಸಿದ ಹೆಸರು, ಕನ್ನಡಿಯಲ್ಲಿ ತನ್ನ ಮುಖ ತಾನು ನೋಡಿಕೊಳ್ಳುವ ಧೈರ್ಯ.

"ನಿನ್ನೆ ಏನೂ ಕಾಣಲಿಲ್ಲ ಅಂತ ಹೇಳಿಕೆ ಕೊಟ್ಟಿದ್ರಿ," ಇನ್‌ಸ್ಪೆಕ್ಟರ ದನಿ ತಣ್ಣಗಿತ್ತು. "ಇವತ್ತು ಕಂಡಿತು ಅಂತಿದೀರ. ಯಾವುದನ್ನ ನಂಬ್ಲಿ?"

"ಒಡಹುಟ್ಟಿದವಳು ಸಾರ್," ಡಾಕ್ಟರು ನಿಟ್ಟುಸಿರು ಬಿಟ್ಟರು. ಮುಖದಲ್ಲಿ ಮರುಕ, ದನಿಯಲ್ಲಿ ಜೇನು. "ತಮ್ಮನನ್ನ ಉಳಿಸ್ಕೊಳ್ಳೋಕೆ ಏನು ಬೇಕಾದ್ರೂ ಹೇಳ್ತಾರೆ. ಪಾಪ, ತಪ್ಪು ತಿಳೀಬೇಡಿ."

ಅಕ್ಕ ಅವರ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಬೆಂಕಿಪೊಟ್ಟಣವನ್ನೇ ನೋಡುತ್ತಿದ್ದಳು, ಅದರ ಎದುರಿಗಿದ್ದ ಹಸಿರು ಆಟಿಕೆಯನ್ನು. ತಮ್ಮನಿಂದ ತಿರುಗಿಸಿದ ಮುಖ ಎಲ್ಲೋ ಒಂದು ಕಡೆ ನಿಲ್ಲಲೇಬೇಕಿತ್ತಲ್ಲ. ನಿಂತದ್ದು ಅಲ್ಲಿ.

"ಡಾಕ್ಟ್ರೇ, ಗಾಳಿ ನಿಮ್ಮ ಬಲಕ್ಕಿತ್ತು. ನೀವೇ ಹೇಳಿದ್ದು."

"ಹೌದು. ಅದಕ್ಕೇನೀಗ?"

"ಕ್ಯಾಪ್ಟನ್ ಸರ್, ಗಾಳಿ ಬಲಕ್ಕಿದ್ರೆ ಹಾಯಿ ಯಾವ ಕಡೆ ಇರುತ್ತೆ?"

"ಎಡಕ್ಕೆ."

"ಓಡಿಸೋನು ಯಾವ ಕಡೆ ಕೂರಬೇಕು?"

"ಬಲಕ್ಕೆ. ಬಲಗಡೆ ಅಂಚಿನ ಮೇಲೆ. ಇಲ್ಲದಿದ್ರೆ ದೋಣಿ ವಾಲುತ್ತೆ." ಕ್ಯಾಪ್ಟನ್ ಹೇಳುತ್ತ ಹೇಳುತ್ತ ಬೆಂಕಿಪೊಟ್ಟಣದ ಕಡೆ ನೋಡಿದರು. ಅವರ ಕೈ ಗಡ್ಡದ ಮೇಲೆ ನಿಂತಿತು.

"ನಾನು ಬಲಗಡೆಗೇ ಇದ್ದೆ. ನಡುವೆ ಹಾಯಿ ಅಡ್ಡ ಇರಲಿಲ್ಲ. ಮಾತಾಡಿಸುವಷ್ಟು ಹತ್ತಿರ." ಅಕ್ಕ ಹಸಿರು ಆಟಿಕೆಯನ್ನು ಎರಡು ಬೆರಳಲ್ಲಿ ಎತ್ತಿ ಇನ್‌ಸ್ಪೆಕ್ಟರ ಮುಂದೆ ಹಿಡಿದಳು. "ನಿನ್ನೆ ಈ ದೋಣೀನ ನೋಡಿ, ಡಾಕ್ಟ್ರು ಹಾಯಿಯ ಮರೇಲಿ ಕೂತಿರಬೇಕು ಅಂದ್ಕೊಂಡು ಸುಮ್ಮನಾದೆ. ಈಗ ಇವರೇ ತಮ್ಮ ದೋಣಿ ಇಟ್ಟು ತೋರಿಸಿದ ಮೇಲೆ ಗೊತ್ತಾಯ್ತು, ಮರೆ ಅನ್ನೋದೇ ಇರಲಿಲ್ಲ ಅಂತ. ಹಿಡಿಗೆ ಇವರು ಸಿಕ್ಕಿಸಿರೋ ರಬ್ಬರು ಹಗ್ಗದಿಂದ ಚುಕ್ಕಾಣಿ ತಾನಾಗಿ ನೆಟ್ಟಗೆ ನಿಂತಿತ್ತು ಸರ್. ಗಡಿಯಾರದವರು ಏಟು ತಿಂದು ಬೋರಲು ಬಿದ್ದಿದ್ದ ಹೊತ್ತಲ್ಲಿ ಇವರ ದೋಣಿಯಲ್ಲಿ ಯಾರೂ ಇರಲಿಲ್ಲ."